ಚಾಪೆಲ್‌ನ ಅಡುಗೆಮನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಲಂಡನ್ನಿನ ಕೆಂಟನ್‌ನಲ್ಲಿದ್ದಾಗ, ನಾನು ಭಾನುವಾರ ಬೆಳಿಗ್ಗೆ ಒಂದು ಚಾಪೆಲ್‌ಗೆ, ಅಂದರೆ ಚಿಕ್ಕ ಚರ್ಚಿಗೆ ಹೋಗುತ್ತಿದ್ದೆ. ಕುಂದಾಪುರದ ಬ್ರಾಹ್ಮಣರ ಮನೆಯ ಹೆಂಗಸಿಗೆ ಅಲ್ಲೇನು ಕೆಲಸ ಎಂದು ಕೇಳಿದರೆ ನನ್ನಲ್ಲಿ ಈಗಲೂ ಸರಿಯಾದ ಉತ್ತರವಿಲ್ಲ. ಮಗಳ ಶಿಶುವಿಹಾರ ಅಲ್ಲಿನ ಹಾಲ್‌ನಲ್ಲಿ ನಡೆಯುತ್ತಿತ್ತು. ಅಲ್ಲಿಯ ಮಿನಿಸ್ಟರ್, ಎಂದರೆ ಪಾದ್ರಿ, ಒಬ್ಬ ಹೆಂಗಸು, ಒಮ್ಮೆ ‘ಭಾನುವಾರವೂ ಬನ್ನಿ’ ಎಂದರು. ಹೋದೆ. ಗೋಡೆಯ ಮೇಲೆ ಶಿಲುಬೆ ಇರಲಿಲ್ಲ. ಯಾವ ದೇವರನ್ನು ನಂಬುತ್ತೀರಿ ಎಂದು ಯಾರೂ ಕೇಳಲಿಲ್ಲ. ಬೇಕಾದವರು ಎದ್ದು ಹೋಗಿ ಮೇಣದಬತ್ತಿ ಹಚ್ಚಿ ತಮ್ಮ ಸಂತೋಷವನ್ನೋ ಸಂಕಟವನ್ನೋ ಹೇಳಿ ಬಂದು ಕೂರುತ್ತಿದ್ದರು. ಇದು ಪೂಜೆಯೋ ಮೀಟಿಂಗೋ ಗೊತ್ತಾಗಲಿಲ್ಲ. ಆದರೂ ಮುಂದಿನ ವಾರ ಮತ್ತೆ ಹೋದೆ.

ನಮ್ಮ ಸುತ್ತಮುತ್ತ ಇಪ್ಪತ್ತು ಕನ್ನಡ ಮನೆಗಳಿದ್ದವು. ವರ್ಷಕ್ಕೊಮ್ಮೆ ಒಟ್ಟಾಗಿ ಮಾಡುತ್ತಿದ್ದ ಸತ್ಯನಾರಾಯಣ ಪೂಜೆಗೆ ಯಾರ ಮನೆಯೂ ಸಾಲುತ್ತಿರಲಿಲ್ಲ. ನಾನು ಮಿನಿಸ್ಟರ್ ಹತ್ತಿರ ಹಾಲ್ ಕೇಳಿದೆ. ಅವರು ಖುಷಿಯಿಂದ ಒಪ್ಪಿದರು. ‘ಒಂದೇ ಮಾತು. ಇಲ್ಲಿ ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿರಬೇಕು’ ಎಂದರು. ‘ಅದಕ್ಕೇನಂತೆ’ ಎಂದುಬಿಟ್ಟೆ.

ಅದೇ ವರ್ಷ ಬಸ್ಸಿನಲ್ಲಿ ಮಗಳನ್ನು ಗದರಿಸುತ್ತಿದ್ದಾಗ ಮುಂದಿನ ಸೀಟಿನ ಹುಡುಗಿ ತಟ್ಟನೆ ತಿರುಗಿ, “ಕನ್ನಡದವರೇನ್ರೀ?” ಎಂದು ನನ್ನ ಕೈ ಹಿಡಿದುಕೊಂಡಳು. ರಾಯಚೂರು ಕಡೆಯ ನರ್ಸು, ಹತ್ತಿರದ ಕೊಲಿಂಡೇಲ್‌ನಲ್ಲಿ ರೂಮು ಮಾಡಿಕೊಂಡಿದ್ದಳು. ಅವಳನ್ನು ಚಾಪೆಲ್‌ಗೂ ಕರೆದುಕೊಂಡು ಹೋದೆ, ನಮ್ಮ ಕನ್ನಡದವರ ನಡುವೆಯೂ ಕೂರಿಸಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ರಾಯರು ಎಂದೇ ಕರೆಯುತ್ತಿದ್ದೆವು. ಅವರು ಅವಳ ಊರು ಕೇಳಿದರು, ಆಮೇಲೆ ಯಾವ ಪೈಕಿ ಎಂದು ಕೇಳಿದರು.

“ನಾವು ಕೇರಿಯವರ್ರೀ. ನಮ್ಮಪ್ಪ ಚಪ್ಪಲಿ ಹೊಲೀತಿದ್ದ,” ಎಂದಳು, ಬಸ್ ನಂಬರ್ ಹೇಳಿದಷ್ಟು ಸಲೀಸಾಗಿ.

“ಒಳ್ಳೇದಮ್ಮ, ಊಟ ಮಾಡ್ಕೊಂಡು ಹೋಗು,” ಎಂದರು ರಾಯರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಪೂಜೆಗೆ ಎರಡು ದಿನ ಇದ್ದಾಗ ರಾಯರ ಫೋನು ಬಂತು.

“ನೋಡಮ್ಮ, ನನಗೇನೂ ಇಲ್ಲ. ಆದ್ರೆ ಆ ನರ್ಸು ಹುಡುಗಿ ಪಾಯಸ ಮಾಡ್ತಾಳಂತೆ, ಅದು ನೈವೇದ್ಯದ ವಿಷಯ. ಕೆಲವರು ಊಟ ಮಾಡ್ದೆ ಎದ್ದು ಹೋದ್ರೆ ಆ ಹುಡುಗಿಗೇ ನೋವು. ಅವಳಿಗೆ ಹೂವಿನ ಕೆಲಸ ಕೊಡು. ನೀನೇ ನಾಜೂಕಾಗಿ ಹೇಳು.”

“ಕೆಲವರು ಅಂದ್ರೆ ಯಾರು ರಾಯರೇ?”

“ಅದೆಲ್ಲ ಯಾಕೆ ಈಗ?”

ಮಗಳು ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದಾಗ ಆರು ದಿನ ನಮಗೆ ಊಟ ತಂದುಕೊಟ್ಟವರು ಇದೇ ರಾಯರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಗಂಡನಿಗೆ ಹೇಳಿದರೆ, “ನಿಂಗ್ ಎಂತಕೆ ಈ ಉಸಾಬರಿ?” ಎಂದು ಟಿವಿ ಕಡೆ ತಿರುಗಿದರು.

ಮರುದಿನ ಸೌತ್‌ಹಾಲ್‌ ಪೇಟೆಯ ಭಾರತೀಯ ಅಂಗಡಿಯಲ್ಲಿ ಹೂವು, ಬಾಳೆಲೆ ಕೊಳ್ಳುವಾಗ ನರ್ಸಿಗೆ ಹೇಳಿದೆ. “ಅಡುಗೆಮನೆ ಸಣ್ಣದಲ್ವಾ, ತುಂಬ ಜನ ಆಗ್ತಾರೆ. ನೀನು ಹೂವು ಕಟ್ಟು.”

ಅವಳು ಕೈಯಲ್ಲಿದ್ದ ಸೇವಂತಿಗೆಯನ್ನು ನಿಧಾನವಾಗಿ ಬುಟ್ಟಿಗೆ ಹಾಕಿದಳು.

“ಅಕ್ಕಾರ, ಆ ಅಡಗಿಮನಿ ಸಣ್ಣದಲ್ರೀ. ಹ್ವಾದ ವಾರ ನಾನ ಒರಸೇನಿ ಅದನ್ನ.”

ನಾನು ಬಾಳೆಲೆಯ ಕಟ್ಟು ಎತ್ತಿಕೊಂಡು ದುಡ್ಡು ಕೊಡಲು ಹೋದೆ. ಅವಳು ಬುಟ್ಟಿ ಹಿಡಿದು ಹಿಂದೆ ಬಂದಳು.

ಪೂಜೆಯ ದಿನ ಅವಳು ಬಂದು ಮೂಲೆಯಲ್ಲಿ ಕೂತು ಹೂವು ಕಟ್ಟಿದಳು. ಮಿನಿಸ್ಟರ್ ಅತಿಥಿಯಾಗಿ ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ, ‘ಇವಳು ಪಾಯಸ ಮಾಡ್ತೀನಿ ಅಂತ ವಾರವೆಲ್ಲ ಹೇಳುತ್ತಿದ್ದಳಲ್ಲ, ಇಲ್ಲೇಕೆ ಕೂತಿದ್ದಾಳೆ?’ ಎಂದು ಕೇಳಿದರು. ಅಡುಗೆಮನೆ ಸಣ್ಣದು ಎಂದು ಇಂಗ್ಲಿಷಿನಲ್ಲೂ ಸುಳ್ಳು ಹೇಳಿದೆ.

ಆ ಭಾನುವಾರ ಚಾಪೆಲ್‌ನಲ್ಲಿ ಎದ್ದು ಮೇಣದಬತ್ತಿ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ನರ್ಸು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವಳ ಅವಮಾನವನ್ನು ಅವಳನ್ನು ಕೇಳದೆ ಎಲ್ಲರ ಮುಂದಿಟ್ಟೆನಲ್ಲ ಎನ್ನಿಸಿತು. ಅದರ ಜೊತೆಗೇ, ನಮ್ಮವರ ಮೇಲೆ ಬಿಳಿಯರ ಮುಂದೆ ಚಾಡಿ ಹೇಳಿದೆನೇ ಎಂಬ ಹುಳುವೂ ಕೊರೆಯಿತು.

ಚಾಪೆಲ್‌ನ ಕಮಿಟಿ ಸೇರಿತು. ನನ್ನನ್ನೂ ನರ್ಸನ್ನೂ ಕರೆದಿದ್ದರು. ಇನ್ನು ಮುಂದೆ ಕನ್ನಡದವರಿಗೆ ಹಾಲ್ ಕೊಡಬಾರದು, ಅದೇ ನ್ಯಾಯ ಎಂದು ಇಬ್ಬರು ಹೇಳಿದರು. ನರ್ಸು ಎದ್ದು, ‘ಹಾಲ್ ಮುಚ್ಚಿದರೆ ನಾನು ಕನ್ನಡ ಮಾತಾಡಲು ಎಲ್ಲಿಗೆ ಹೋಗಲಿ?’ ಎಂದಳು. ಕೊನೆಗೆ, ಈ ಅಡುಗೆಮನೆಗೆ ಯಾರು ಬೇಕಾದರೂ ಬರಬಹುದು ಎಂದು ಬಾಗಿಲಿಗೆ ಬೋರ್ಡು ಹಾಕುವುದೆಂದಾಯಿತು. ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಮುಂದಿನ ವಾರ ಅವಳು ಅದರ ಮುಂದೆ ನಿಂತು ಓದಿದಳು.

“ಇದನ್ನ ತಗೀರಿ ಅಕ್ಕಾರ. ನನ್ನ ಫೋಟೋ ಹಚ್ಚಿದಂಗ ಆಗೇತಿ ಇದು. ನೋಡಿದವ್ರೆಲ್ಲ ಯಾರ ಸಲುವಾಗಿ ಅಂತ ಕೇಳ್ತಾರ.”

ತೆಗೆದೆ. ಮಿನಿಸ್ಟರ್ ಮುಖ ಸಪ್ಪಗಾಯಿತು. ‘ಹಾಗಾದರೆ ನಾವು ಏನು ಮಾಡಬೇಕಿತ್ತು?’ ಎಂದು ನನ್ನನ್ನು ಕೇಳಿದರು. ನಾನೋ ಅದನ್ನು ಅವರಿಂದಲೇ ತಿಳಿದುಕೊಳ್ಳಬೇಕೆಂದು ಇಷ್ಟು ದಿನ ಅಲ್ಲಿಗೆ ಹೋಗುತ್ತಿದ್ದವಳು. ಇಬ್ಬರೂ ಸಿಂಕಿನ ಮುಂದೆ ನಿಂತು ಚಹಾದ ಕಪ್ಪುಗಳನ್ನು ತೊಳೆದೆವು.

ಮರುವರ್ಷದ ಪೂಜೆಗೆ ನರ್ಸು ಯಾರನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ ಅಡುಗೆಮನೆಗೆ ಹೋಗಿ ಶಾವಿಗೆ ಹುರಿಯತೊಡಗಿದಳು. ಇಬ್ಬರು ಹೆಂಗಸರು ಕೈ ಒರೆಸಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತು ಹಾಲು ಕಾಯಿಸಿದೆ. “ಏಲಕ್ಕಿ ಎಲ್ಲಿಟ್ಟೀರಿ?” ಎಂದಷ್ಟೇ ಕೇಳಿದಳು.

ಬಡಿಸುವಾಗ ಪಾಯಸದ ಪಾತ್ರೆ ಅವಳ ಕೈಯಲ್ಲೇ ಇತ್ತು. ಹೊರಗೆ ಹೋದ ಇಬ್ಬರಲ್ಲಿ ಒಬ್ಬರು ಹಾಕಿಸಿಕೊಂಡರು, ಇನ್ನೊಬ್ಬರು ಎಲೆಗೆ ಕೈ ಅಡ್ಡ ಹಿಡಿದರು. ರಾಯರು, “ನನಗೆ ಶುಗರ್ ಕಣಮ್ಮ,” ಎಂದರು. ಅವರಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ ಇತ್ತು. ಆದರೆ ಹಿಂದಿನ ವರ್ಷ ಅವರು ಪಾಯಸ ತಿಂದದ್ದನ್ನು ನಾನೇ ನೋಡಿದ್ದೆ. ಪಕ್ಕದಲ್ಲಿದ್ದ ಅವರ ಹೆಂಡತಿ ಎರಡನೇ ಸಲ ಹಾಕಿಸಿಕೊಂಡು, ಗಂಡನ ಮುಖ ನೋಡದೆ, “ತುಂಬ ಚೆನ್ನಾಗಿದೆ, ಹೇಗೆ ಮಾಡ್ದೆ?” ಎಂದು ಕೇಳಿದರು. ನರ್ಸು ಪಾತ್ರೆ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತು ಹೇಳತೊಡಗಿದಳು. ರಾಯರು ಎಲೆಯ ಮೇಲೆ ಅನ್ನ ಕಲೆಸುತ್ತ ಕೂತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ನನಗೆ ತಿಳಿಯಲಿಲ್ಲ.