ಒಂಟಿಗೈ ರುದ್ರಪ್ಪನವರು

ರುದ್ರಪ್ಪನವರು ಯಾವುದನ್ನೂ ಎರಡು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಕಾಫಿ ಲೋಟವಿರಲಿ, ಹಲಸಿನ ಹಣ್ಣಿರಲಿ, ತಂಗಿಯ ಮಗುವಿರಲಿ, ಬಲಗೈಯೊಂದೇ ಮುಂದೆ ಬರುತ್ತಿತ್ತು. ಎಡಗೈ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವಂತೆ ಬೆನ್ನ ಹಿಂದೆ ಇರುತ್ತಿತ್ತು. ಮಠದಲ್ಲಿ ಪ್ರಸಾದಕ್ಕೂ ಒಂದೇ ಕೈ ಚಾಚಿ ತಾಯಿಯಿಂದ ಬೈಸಿಕೊಂಡಿದ್ದರು.

"ಎರಡೂ ಕೈ ಒಡ್ಡೋ! ದೇವರ ಮುಂದೂ ದಿಮಾಕಾ?"

"ಎರಡನೇ ಕೈ ಹಾಕಿದ್ರೆ ಫೌಲು ಅವ್ವಾ" ಎಂದರಂತೆ ಇವರು. ಫೌಲು ಎಂದರೇನೆಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು, ಪಾಪ.

ಶಿವಮೊಗ್ಗದ ಕೋಟೆಯಲ್ಲಿ ಅವರ ತಂದೆಯ ಜವಳಿ ಅಂಗಡಿ ಇತ್ತು. ವ್ಯಾಪಾರ ಕಲಿತು ಬಾ ಎಂದು ಮಗನನ್ನು ಬೊಂಬಾಯಿಗೆ ಕಳಿಸಿದರೆ, ಮಗ ನೀರು ಕಲಿತ. ಅಲ್ಲಿನ ಈಜುಕೊಳದಲ್ಲಿ ಪಂದ್ಯಗಳನ್ನು ಗೆದ್ದು, ಕೊನೆಗೆ ವಾಟರ್ ಪೋಲೋ ಎಂಬ ಆಟದ ಹುಚ್ಚು ಹಿಡಿಸಿಕೊಂಡ. ಎರಡು ತಂಡ ನೀರಿನಲ್ಲಿ ತೇಲುತ್ತಲೇ ಚೆಂಡು ಎಸೆದು ಗೋಲು ಹೊಡೆಯುವ ಆಟ ಅದು. ಗೋಲು ಕಾಯುವವನ ಹೊರತು ಯಾರೂ ಚೆಂಡಿಗೆ ಎರಡು ಕೈ ಹಚ್ಚುವಂತಿಲ್ಲ. ತಂದೆ ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ರುದ್ರಪ್ಪನವರು ಊರಿಗೆ ಮರಳಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದರು. ಆಗ ಯುದ್ಧದ ಕಾಲ. ನಾನೂ ಅಲ್ಲೇ ಗುಮಾಸ್ತ, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ.

ಅವರ ಪೆಟ್ಟಿಗೆಯಲ್ಲಿ ಬೆಳ್ಳಿಯ ಕಪ್ಪುಗಳಿದ್ದವು, ಒಂದು ತೊಗಲಿನ ಚೆಂಡಿತ್ತು. ಕಪ್ಪು ತೋರಿಸಲು ಸಂಕೋಚ, ಚೆಂಡು ತೋರಿಸಲು ಆತುರ.

"ನಮ್ಮ ಹೊಳೇಲಿ ಒಂದೇ ಒಂದು ಆಟ ಆಡ್ಬೇಕು ಮಾರಾಯ. ಆಮೇಲೆ ಏನಾದ್ರೂ ಆಗ್ಲಿ" ಎನ್ನುತ್ತಿದ್ದರು. ಅದೊಂದೇ ಅವರ ಆಸೆ.

ಈಜು ಬಲ್ಲ ಕಾರ್ಮಿಕರನ್ನು ಹುಡುಕಿ ಹುಡುಕಿ ಆಟ ಕಲಿಸಿದರು. ಆದರೆ ಕಾರ್ಖಾನೆಯ ಪಾಳಿ ಎಂಬ ಶನಿ ಇತ್ತಲ್ಲ, ಒಬ್ಬ ಹೊರಗೆ ಬರುವಾಗ ಇನ್ನೊಬ್ಬ ಒಳಗೆ ಹೋಗುತ್ತಿದ್ದ. ಈಜು ಬಾರದ ನನ್ನ ಕೊರಳಿಗೆ ಸೀಟಿ ಕಟ್ಟಿ ರೆಫ್ರಿ ಮಾಡಿದರು. "ಯಾರೇ ಎರಡು ಕೈ ಹಾಕ್ಲಿ, ಊದು. ನಾನೇ ಹಾಕಿದ್ರೂ ಬಿಡ್ಬೇಡ" ಎಂದು ಕಟ್ಟಪ್ಪಣೆ.

ಅಂತೂ ಬೇಸಿಗೆಯ ಒಂದು ಭಾನುವಾರ ಎಲ್ಲರಿಗೂ ಬಿಡುವು ಕೂಡಿಬಂತು. ಶಿವಮೊಗ್ಗದಲ್ಲಿ, ಕೋಟೆಯ ಹಿಂದೆ, ತುಂಗೆ ಮಡುವಾಗಿ ನಿಂತ ಕಡೆ ಗೋಲಿಗೆಂದು ಬಿದಿರು ನೆಟ್ಟೆವು. ದಡದ ತುಂಬ ಜನ, ಅವರ ತಾಯಿಯೂ ಬಂದು ಕೂತಿದ್ದರು. ರುದ್ರಪ್ಪನವರು ಕೊರಳಿನ ಲಿಂಗದ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿದು ನೀರಿಗಿಳಿದರು. ನಾನು ಸೀಟಿ ಊದಿದೆ. ಅವರು ಮಡುವಿನ ನಡುವಿಗೆ ಹೋಗಿ, ಚೆಂಡು ಇತ್ತ ಕೊಡಿ ಎಂದು ಕೈ ಎತ್ತಿದರು.

ನಮ್ಮ ಕಡೆ ಹೊಳೆಯ ನಡುವೆ ಕೈ ಎತ್ತಿದವನೆಂದರೆ ಮುಳುಗುತ್ತಿರುವವನೇ. "ಅಯ್ಯೋ, ಮುಳುಗಿದ್ರು!" ಎಂದು ದಡವೆಲ್ಲ ಕೂಗಿತು. ಹರಿಗೋಲಿನವನು ರಭಸದಿಂದ ಬಂದು ಅವರ ಕೂದಲು ಹಿಡಿದು ಒಳಗೆ ಎಳೆದು ಹಾಕಿದ.

"ಬಿಡೋ ಮಾರಾಯ, ನಾನು ಚೆಂಡು ಕೇಳಿದ್ದು!"

"ನೀರು ಕುಡ್ದವ್ರೆಲ್ಲ ಹಿಂಗೇ ಏನೇನೋ ಅಂತಾರೆ. ಸುಮ್ನೆ ಮಲಗಿ ಸ್ವಾಮಿ" ಎಂದ ಅವನು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಲ್ಲುವಷ್ಟರಲ್ಲಿ ಚೆಂಡು ಮಡು ದಾಟಿ ಸೆಳವಿಗೆ ಸಿಕ್ಕಿತ್ತು. ಅದರ ಹಿಂದೆ ನೆಗೆಯಲು ಹೊರಟ ರುದ್ರಪ್ಪನವರನ್ನು ತಾಯಿ ದಡದಿಂದಲೇ ಆಣೆ ಹಾಕಿ ತಡೆದರು. ಒಂದು ಗೋಲೂ ಆಗದೆ ಆಟ ಮುಗಿಯಿತು. ಯುದ್ಧದ ಕಾಲದಲ್ಲಿ ಅಂಥ ಇನ್ನೊಂದು ಚೆಂಡು ಎಲ್ಲಿಂದ ತರುವುದು? ಅಂಥ ಭಾನುವಾರವೂ ಮತ್ತೆ ಬರಲಿಲ್ಲ.

ಆಮೇಲೆ ಅವರು ಸಂಜೆ ಹೊತ್ತು ಒಬ್ಬರೇ ಭದ್ರೆಗೆ ಇಳಿಯುತ್ತಿದ್ದರು. ಮಕ್ಕಳು ಈಜು ಕಲಿಯಲು ಬೆನ್ನಿಗೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆಯೇ ಈಗ ಚೆಂಡು. ಅದನ್ನು ಹರಿವಿಗೆ ಎದುರಾಗಿ ದೂರ ಎಸೆದು, ಕೈ ಎತ್ತಿ, ಅದು ತೇಲಿಕೊಂಡು ಬರುವವರೆಗೆ ಕಾಯುವರು. ಬಂದಾಗ ಒಂದೇ ಕೈಯಲ್ಲಿ ಎತ್ತಿ ಮತ್ತೆ ಎಸೆಯುವರು. "ಹೊಳೆ ಒಳ್ಳೆ ಜೊತೆಗಾರ. ಪಾಸು ತಡ ಮಾಡುತ್ತೆ, ಆದ್ರೆ ತಪ್ಸಲ್ಲ" ಎಂದು ನಗುತ್ತಿದ್ದರು. ದಡದಿಂದ ನಾನೂ ಎಸೆದು ನೋಡಿದೆ, ಅದು ನನ್ನ ಕಾಲ ಬುಡದಲ್ಲೇ ಬಿತ್ತು. ಅಷ್ಟು ಜನರಿದ್ದ ಊರಿನಲ್ಲಿ ಅವರತ್ತ ಒಂದು ಚೆಂಡು ಎಸೆಯುವವರಿರಲಿಲ್ಲವಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಅವರಿಗೆ ಮಲೇರಿಯಾ ಬಂತು. ಭದ್ರಾವತಿಯಲ್ಲಿ ಅದು ಯಾರನ್ನೂ ಬಿಟ್ಟಿರಲಿಲ್ಲ, ಆದರೆ ಅವರನ್ನು ಮತ್ತೆ ಏಳಗೊಡಲಿಲ್ಲ. ತಂಗಿಯ ಗಂಡ ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ವಾರ ಕಳೆಯುವುದರೊಳಗೆ ಸಾವಿನ ಸುದ್ದಿ ಬಂತು.

ಅವರು ಶಿವಮೊಗ್ಗಕ್ಕೆ ಹೊರಟ ಬೆಳಿಗ್ಗೆ ನಾನು ಗಂಜಿಯ ಲೋಟ ಚಾಚಿದ್ದೆ. ಎಂದಿನಂತೆ ಬಲಗೈ ಮುಂದೆ ಬಂತು. ನಡುಕಕ್ಕೆ ಗಂಜಿ ತುಳುಕಿ ಕಂಬಳಿಯ ಮೇಲೆ ಚೆಲ್ಲಿತು. ಅವರು ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಂಬಳಿಯೊಳಗಿಂದ ಎಡಗೈಯನ್ನೂ ತೆಗೆದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಯಾಕೋ ರೆಫ್ರಿ, ಸೀಟಿ ಊದ್ಲಿಲ್ಲ?" ಎಂದರು.

ನಾನು ಗೋಡೆಯ ಕಡೆ ಮುಖ ಮಾಡಿಕೊಂಡು, "ನಾನು ನೋಡ್ಲಿಲ್ಲ ರುದ್ರಪ್ಪಣ್ಣ" ಎಂದೆ.