ಸುಹರಕ್ಕ ಕೊಟ್ಟುಹೋದ ನಡುವಿನ ಕೋಣೆ

ಉಪ್ಪಿನಂಗಡಿ ಪೇಟೆಯಲ್ಲಿ ಪೋಕರ್ ಎಂಬವರು ಗಲ್ಫಿನ ದುಡಿಮೆಯಿಂದ ಮೂರು ಅಂಗಡಿ ಕೋಣೆ ಕಟ್ಟಿಸಿ ಹೆಂಡತಿ ಸುಹರಾ ಅವರ ಹೆಸರಿಗೆ ಮಾಡಿದ್ದರು. ನಡುವಿನ ಕೋಣೆಯಲ್ಲಿ ಸುಹರಾ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಹೊಲಿಗೆ ನಿಲ್ಲಲಿಲ್ಲ. ಊರಿನ ಹೆಂಗಸರಿಗೆಲ್ಲ ಅವರು ಸುಹರಕ್ಕ.

ಒಂದು ಮಳೆಗಾಲ, ಊರಿನಲ್ಲಿ ಕೂಡುವ ಎರಡೂ ಹೊಳೆ ಒಟ್ಟಿಗೆ ಏರಿ ತಗ್ಗಿನ ಮನೆಗಳ ಬಾವಿಗೆ ನೆರೆನೀರು ನುಗ್ಗಿತು. ನೆರೆ ಇಳಿದು ಕೆಲವು ವಾರಗಳಲ್ಲಿ ಜಾಂಡೀಸ್ ಹಬ್ಬಿತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಮಿಸ್ರಿಯಾಳಿಗೂ ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ಅವಳು ಬದುಕಿಕೊಂಡಳು, ಮಗು ಉಳಿಯಲಿಲ್ಲ.

ಆಗಲೇ ವಾಸಂತಿ ಊರಿಗೆ ಬಂದದ್ದು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರು, ನೀರು ಗಾಳಿ ಕೆಟ್ಟು ಬರುವ ಕಾಯಿಲೆಗಳನ್ನು ತಡೆಯಲು ಪುತ್ತೂರಿನಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಮನೆಮನೆಯ ಬಾವಿ ನೀರನ್ನು ಪರೀಕ್ಷೆಯ ಮದ್ದು ಹಾಕಿದ ಪುಟ್ಟ ಶೀಶೆಯಲ್ಲಿ ತುಂಬಿಸಿಡುವುದು, ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯಬಾರದು ಎಂದು ತಿಳಿಸುವುದು ಅವರ ಕೆಲಸ. ಹೆಚ್ಚಿನವರು ಶೀಶೆಗೆ ನೀರು ತುಂಬಿಸಲೂ ಬಿಡಲಿಲ್ಲ. ಬಾವಿ ಕೆಟ್ಟಿದೆ ಎಂದರೆ ಮನೆಯ ಮರ್ಯಾದೆ ಹೋದಂತೆ ಎಂಬ ಅಂಜಿಕೆ.

ಸುಹರಾ ಮಾತ್ರ ತಾವೇ ಕರೆದರು. ಅವರ ಶೀಶೆ ಕಪ್ಪಾಯಿತು. ಮಗಳು ಕುಡಿದದ್ದು ಅದೇ ನೀರು. ಸುಹರಾ ಅಂಗಡಿಯಿಂದ ಕೆಂಪು ಬಟ್ಟೆಯ ತುಂಡು ತಂದು ಬಾವಿಯ ಕಂಬಕ್ಕೆ ಕಟ್ಟಿದರು.

ಪಕ್ಕದ ಮನೆಯ ಜತ್ತಪ್ಪ ಬೇಲಿಯಾಚೆಯಿಂದ ಕೇಳಿದರು, "ಇದೆಂತ ಸುಹರಕ್ಕ, ಬಾವಿ ಕೆಟ್ಟದ್ದು ಊರಿಗೆಲ್ಲ ಗೊತ್ತಾಗುದಿಲ್ವ?"

"ಗೊತ್ತಾಗ್ಲಿ ಅಂತಲೇ ಕಟ್ಟಿದ್ದು. ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗುದು ಬೇಡ, ಜತ್ತಪ್ಪಣ್ಣ."

ಮರುದಿನ ಜತ್ತಪ್ಪ ತಾವೇ ಶೀಶೆ ಕೇಳಿ ಪಡೆದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬಾವಿ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಮತ್ತೆ ಪರೀಕ್ಷೆ ಮಾಡಿಸುವವರೆಗೆ ಸುಹರಾ ಯಾರನ್ನೂ ಬಿಡುತ್ತಿರಲಿಲ್ಲ. ಅಂದಿನಿಂದ ಪ್ರತಿ ಮಳೆಗಾಲವೂ ಅವರು ವಾಸಂತಿಯ ಜೊತೆ ತಿರುಗಿದರು. ಬಟ್ಟೆಯ ಅಳತೆ ಕೊಡಲು ಬಂದವರನ್ನೂ "ನೀರು ಕುದಿಸಿ ಕುಡಿತೀಯಲ್ಲ?" ಎಂದು ವಿಚಾರಿಸಿಯೇ ಕಳಿಸುತ್ತಿದ್ದರು.

ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಸುಹರಾ ಮಸೀದಿಯ ಹಿರಿಯರಾದ ಮೂಸಕುಂಞಿಯವರನ್ನು ಕರೆಸಿದರು. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೇ ಒಂದು ಪಾಲಿನವರೆಗೆ ವಸಿಯ್ಯತ್, ಅಂದರೆ ಉಯಿಲು, ಮಾಡಬಹುದೆಂದು ಕೇಳಿ ಖಚಿತಪಡಿಸಿಕೊಂಡು, ನಡುವಿನ ಕೋಣೆಯನ್ನು ವಾಸಂತಿಯವರ ಸಂಸ್ಥೆಗೆ ಬರೆಸಿದರು.

ಅವರು ತೀರಿಕೊಂಡಾಗ ಮಗ ನವಾಝ್ ದುಬೈಯಿಂದ ಬಂದಿದ್ದ. ಊರಿನಲ್ಲೇ ನೆಲೆಸಿ ಮೂರೂ ಕೋಣೆ ಸೇರಿಸಿ ದೊಡ್ಡ ಬಟ್ಟೆ ಅಂಗಡಿ ಮಾಡುವುದು ಅವನ ಬಹುದಿನದ ಯೋಚನೆ. ನಡುವಿನ ಕೋಣೆಯೇ ಹೋದರೆ ಅದು ಆಗುವ ಹಾಗಿಲ್ಲ. ಇದನ್ನು ತಿಳಿದ ವಾಸಂತಿ ಮನೆಗೆ ಬಂದರು.

"ನವಾಝ್, ನಿನಗೆ ತೊಂದರೆ ಆಗುದಾದರೆ ನಮಗೆ ಬೇಡ. ನಾವು ಬೇರೆ ಕಡೆ ನೋಡ್ತೇವೆ."

ನವಾಝ್ ತಂಗಿಯ ಮುಖ ನೋಡಿದ. ಮಿಸ್ರಿಯಾ ಕಣ್ಣು ಕೆಳಗೆ ಹಾಕಿದಳು.

"ಬೇಸರ ಉಂಟು, ಇಲ್ಲ ಅಂತ ಹೇಳುದಿಲ್ಲ," ಎಂದ ನವಾಝ್. "ಆದ್ರೆ ಉಮ್ಮ ಕೊಟ್ಟದ್ದನ್ನು ನಾನು ಹಿಂದೆ ತೆಗೊಂಡ್ರೆ ಇವಳ ಮುಖ ಹೇಗೆ ನೋಡುದು? ನನಗೆ ಒಂದು ಕೋಣೆ ಸಾಕು, ಟೀಚರ್."

ಕೋಣೆಗೆ ನಲ್ಲಿ, ಸಿಂಕು, ಕಪಾಟು ಎಲ್ಲವನ್ನೂ ಅವನೇ ನಿಂತು ಹಾಕಿಸಿದ. ಗೋಡೆಗೆ ಸುಹರಾ ಅವರ ಫೋಟೋ ಹಾಕಲು ವಾಸಂತಿ ಕೇಳಿದರು.

"ಫೋಟೋ ಬೇಡ. ಉಮ್ಮನಿಗೆ ಅದು ಹಿಡಿಸುದಿಲ್ಲ," ಎಂದ ನವಾಝ್. ಆಮೇಲೆ ಯೋಚಿಸಿ ಸೇರಿಸಿದ, "ಹೆಸರು ಹಾಕಿ."

ಈಗ ಬಾಗಿಲ ಮೇಲೆ 'ಸುಹರಾ ನೀರು ಪರೀಕ್ಷಾ ಕೇಂದ್ರ' ಎಂಬ ಬೋರ್ಡಿದೆ. ಆಚೀಚೆಯ ಊರುಗಳಾದ ಸವಣೂರು, ಕಡಬದಿಂದಲೂ ಜನ ಬಸ್ಸಿನಲ್ಲಿ ಬಾಟಲಿ ಹಿಡಿದು ಬರುತ್ತಾರೆ. ನೀರು ಪಡೆದುಕೊಂಡು ಫಲಿತಾಂಶ ತಿಳಿಸುವ ಕೆಲಸ ಕಲಿತಿರುವುದು ಮಿಸ್ರಿಯಾ. ನೀರು ಕೆಟ್ಟಿದೆ ಎಂದು ಹೇಳಬೇಕಾದಾಗ ಅವಳು ಮೊದಲು ಅವರನ್ನು ಕುಳ್ಳಿರಿಸುತ್ತಾಳೆ.