ಕೊಡೆಕಡ್ಡಿಯ ಹಳಿಗಳು

ಕಾಲೇಜಿನ ಚರ್ಚಾಕೂಟದಲ್ಲಿ ಬೆಳ್ಳಿಯ ಬಟ್ಟಲು ಗೆದ್ದ ಗಂಡಸು ಬಿಸ್ಕತ್ತು ಡಬ್ಬದ ತಗಡಿನಲ್ಲಿ ರೈಲು ಕಟ್ಟುತ್ತಾನೆಂದು ಗೊತ್ತಾದರೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಇದು ಊಹೆಯಲ್ಲ, ಪ್ರತ್ಯಕ್ಷ ಪ್ರಮಾಣ. ಹುಣಸೂರಿನಿಂದ ಬಂದಿದ್ದ ಹಿರಿಯರೊಬ್ಬರು ನಮ್ಮ ಜಗುಲಿಯಲ್ಲಿ ಕುಳಿತು, ನನ್ನ ಬೆರಳಿಗಂಟಿದ್ದ ಬೆಸುಗೆಯ ಮಸಿಯನ್ನು ನೋಡಿ, "ಹುಡುಗ ಏನು ಮಾಡ್ಕೊಂಡಿದ್ದಾನೆ?" ಎಂದು ವಿಚಾರಿಸಿದರು. ನಮ್ಮಮ್ಮ ತಲೆ ತಗ್ಗಿಸಿ "ರೈಲ್ವೆಯಲ್ಲಿದ್ದಾನೆ" ಎಂದುಬಿಟ್ಟರು. ಸುಳ್ಳೇನಲ್ಲ. ಯಾವ ರೈಲ್ವೆ ಎಂದು ಅವರು ಕೇಳದಿದ್ದರೆ ಚೆನ್ನಾಗಿತ್ತು. ಕೇಳಿದರು, ಎದ್ದು ಹೋದರು.

ಆ ರೈಲ್ವೆಗೆ ನಾವು ಮೂವರು ಒಡೆಯರು. ಕೃಷ್ಣರಾಜನಗರದ ಪೇಟೆಯಲ್ಲಿ ರಾಗಿ ಭತ್ತದ ಮಂಡಿಯಿಟ್ಟ ಶಿವಣ್ಣ, ಕೊಡೆ ರಿಪೇರಿಯ ಕರೀಂ ಸಾಬರು, ಮತ್ತು ಬಿ.ಎ. ಮುಗಿಸಿ ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡ ನಾನು. ಸಂಜೆ ಅರಸೀಕೆರೆ ಕಡೆಯ ಗಾಡಿ ಬರುವ ಹೊತ್ತಿಗೆ ಮೂವರೂ ಸ್ಟೇಷನ್ನಿನ ಬೆಂಚಿನ ಮೇಲೆ ಹಾಜರು. ಬರುವವರು ಯಾರೂ ಇಲ್ಲ, ಹೋಗುವವರೂ ಇಲ್ಲ. ನಾವು ಸೇರುತ್ತಿದ್ದುದು ಜಗಳಕ್ಕೆ. ಸಾಗರಕಟ್ಟೆಯ ಸೇತುವೆಯ ಮೇಲೆ ಇಂಜಿನ್ನಿನ ಸದ್ದು ಬದಲಾಗುತ್ತದಷ್ಟೆ. ನೀರು ಕಂಡು ಇಂಜಿನ್ನಿಗೆ ಭಯವಾಗುತ್ತದೆಂದು ಕರೀಂ ಸಾಬರ ಸಿದ್ಧಾಂತ. ಕಬ್ಬಿಣಕ್ಕೆ ಭಯವೆಂದರೆ ಸಾಕ್ಷಿ ಏನು ಎಂದು ನಾನು ಪಟ್ಟು ಹಿಡಿದೆ.

"ನಂಗೂ ಈಜು ಬರಲ್ಲ ವಕೀಲ್ ಸಾಬ್, ಇನ್ನೇನ್ ಸಾಕ್ಷಿ ಬೇಕು?" ಎಂದರು ಅವರು. ನಾನು ವಕೀಲನಲ್ಲ; ಆ ಬಿರುದು ನನ್ನ ಬಾಯಿಗೆ ಅವರು ಕಟ್ಟಿದ ಬಾಸಿಂಗ.

ಹಳಿಗಳು ಕರೀಂ ಸಾಬರ ಕೊಡುಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಕೊಡೆಗಳೆಲ್ಲ ಅವರ ಅಂಗಡಿಗೆ ಬಂದು ಪ್ರಾಣ ಬಿಡುತ್ತಿದ್ದವು. ಸತ್ತ ಕೊಡೆಯ ಉಕ್ಕಿನ ಕಡ್ಡಿಗಳನ್ನು ನೆಟ್ಟಗೆ ಮಾಡಿ ತಗಡಿನ ಪಟ್ಟಿಗೆ ಬೆಸೆದರೆ ಹಳಿ ಸಿದ್ಧ. ಗಾಳಿ ಜೋರಾಗಿ ಬೀಸಿದ ವರ್ಷ ನಮ್ಮ ಮಾರ್ಗ ವಿಸ್ತಾರವಾಗುತ್ತಿತ್ತು. ದರ್ಜಿ ಎಸೆದ ದಾರದ ಉರುಳೆಗಳು ಚಕ್ರಗಳಾದವು. ಇಂಜಿನ್ನಿನ ಹೊಟ್ಟೆಯಲ್ಲಿ ಮಂಡಿಯ ಕೆಟ್ಟ ಗಡಿಯಾರದ ಸ್ಪ್ರಿಂಗು. ಗಡಿಯಾರವಾಗಿದ್ದಾಗ ಒಂದು ದಿನವೂ ಸರಿಯಾದ ಹೊತ್ತು ತೋರಿಸದ ಅದು ರೈಲಾದ ಮೇಲೂ ಸ್ವಧರ್ಮ ಬಿಡಲಿಲ್ಲ. ಹೊಗೆಕೊಳವೆಗೆ ಶಿವಣ್ಣ ಒಂದು ಹಿಡಿ ಹತ್ತಿ ತುರುಕಿದ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು ಎಂದು ನಮ್ಮ ತಾರ್ಕಿಕರು ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ. ಪಾಪ, ಅವರು ಯಾರೂ ನಮ್ಮ ಇಂಜಿನ್ನು ನೋಡಿರಲಿಲ್ಲ.

ಇಷ್ಟಾದರೂ ರೈಲು ಓಡುತ್ತಿದ್ದುದು ವರ್ಷಕ್ಕೊಮ್ಮೆ, ನವರಾತ್ರಿಯಲ್ಲಿ ಮಾತ್ರ. ಅದು ಶಿವಣ್ಣನ ಹೆಂಡತಿ ಗೌರಮ್ಮನ ಕಾನೂನು. "ವರ್ಸವೆಲ್ಲಾ ಅಟ್ಟದ ಮೇಲಿರ್ಲಿ. ಗೊಂಬೆ ಕೂರ್ಸಿದಾಗ ಬೇಕಾದ್ರೆ ಇಳ್ಸ್ಕಳಿ. ಮಿಕ್ಕ ದಿನ ನನ್ ನಡುಮನೆ ಟೇಸನ್ನಲ್ಲ" ಎಂದು ಆಕೆ ನಮ್ಮ ಮೂವರಿಗೂ ಒಟ್ಟಿಗೆ ತೀರ್ಪು ಕೊಟ್ಟಿದ್ದರು. ಮೇಲಿನ ಮೆಟ್ಟಿಲಲ್ಲಿ ಪಿರಿಯಾಪಟ್ಟಣದ ತವರಿಂದ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು, ರಾಜ ರಾಣಿಯರ ಜೋಡಿ. ಕೆಳಗೆ ನೆಲದ ಮೇಲೆ ನಮ್ಮ ಹಳಿ. ಹಬ್ಬಕ್ಕೆ ಮುಂಚೆಯೇ ಆಕೆ ಹಳಿಯ ಇಕ್ಕೆಲದಲ್ಲೂ ಮರಳು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಿದ್ದರು. ಹಬ್ಬದ ಹೊತ್ತಿಗೆ ಎಳೆ ಪೈರಿನ ನಡುವೆ ರೈಲು. ಹೊಸ ಅಗ್ರಹಾರದ ಬಯಲಿನಲ್ಲಿ ನಿಂತು ನಿಜವಾದ ಗಾಡಿ ನೋಡಿದ ಹಾಗೆ.

ಒಮ್ಮೆ ಆಕೆ ದಿನಸಿ ಅಂಗಡಿಯಿಟ್ಟು ಕೂತ ಮಣ್ಣಿನ ಚೆಟ್ಟಿ ಗೊಂಬೆಯನ್ನು ತಂದು ಪ್ಲಾಟ್‌ಫಾರಮ್ಮಿನ ಮೇಲೆ ಕೂರಿಸಿದರು. ಚೆಟ್ಟಿ ಇಂಜಿನ್ನಿಗಿಂತ ಎತ್ತರ. ಅಳತೆಯ ಪ್ರಮಾಣದ ಮೇಲೆ ನಾನು ಒಂದು ಉಪನ್ಯಾಸವನ್ನೇ ಕೊಟ್ಟೆ. ಈ ಲೆಕ್ಕದಲ್ಲಿ ಚೆಟ್ಟಿ ಗೋಪುರದಷ್ಟು ಎತ್ತರದವನಾಗುತ್ತಾನೆ ಎಂದೆ.

"ನಿಮ್ ಗಾಡಿ ಚಿಕ್ಕದಾದ್ರೆ ನಮ್ ಚೆಟ್ಟೀದೇನಪ್ಪ ತಪ್ಪು? ದೊಡ್ಡ ಗಾಡಿ ಮಾಡಿ" ಎಂದರು ಗೌರಮ್ಮ. ಚೆಟ್ಟಿ ಅಲ್ಲೇ ಉಳಿದ.

ಈ ವರ್ಷದ ಆಷಾಢದಲ್ಲಿ ಗೌರಮ್ಮ ತೀರಿಕೊಂಡರು. ಮಳೆಗಾಲದ ಜ್ವರ. ಈ ಕಡೆಯ ಜ್ವರದ ಬಗ್ಗೆ ಹೇಳುವುದಕ್ಕೇನಿದೆ. ಮನೆಮನೆಗೂ ಬರುತ್ತದೆ, ಎಷ್ಟೋ ಮನೆಗಳಿಂದ ಬರಿಗೈಯಲ್ಲಿ ಹಿಂದಿರುಗುತ್ತದೆ, ಕೆಲವು ಮನೆಗಳಿಂದ ಹಾಗೆ ಹಿಂದಿರುಗುವುದಿಲ್ಲ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಶಿವಣ್ಣ ಮಂಡಿಯ ಬಾಗಿಲು ತೆರೆದು ಕೂರುತ್ತಿದ್ದ, ತೂಗುತ್ತಿದ್ದ, ಮುಚ್ಚುತ್ತಿದ್ದ. ಸಂಜೆ ಬೆಂಚಿಗೂ ಬರುತ್ತಿದ್ದ. ಗಾಡಿ ಬಂದು ಹೋದ ಮೇಲೆ, ಬಂತೇ ಎಂದು ಕೇಳುತ್ತಿದ್ದ.

ಭಾದ್ರಪದ ಬಂದಾಗ ಕರೀಂ ಸಾಬರ ಅಂಗಡಿಯಲ್ಲಿ ಕೊಡೆಕಡ್ಡಿಗಳ ರಾಶಿ ಬಿದ್ದಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಗೊಂಬೆ ಕೂರಿಸದಿದ್ದರೆ ರೈಲಿಲ್ಲ. ಗೊಂಬೆ ಕೂರಿಸುವ ಕೈಯೇ ಇಲ್ಲ. ಆ ರೈಲು ಇನ್ನು ಮುಂದೆ ಓಡುವುದೇ ಇಲ್ಲವೇನೋ ಎಂಬ ಯೋಚನೆ ನನ್ನನ್ನು ಕೊರೆಯತೊಡಗಿತು. ಅದು ನಿಂತರೆ ಶಿವಣ್ಣನೂ ಅದರ ಜೊತೆ ಅಟ್ಟ ಹತ್ತಿಬಿಡುತ್ತಾನೆ ಎಂಬುದು ನನ್ನ ಭಯ. ಭಯಕ್ಕೆ ನನಗೆ ಗೊತ್ತಿದ್ದ ಔಷಧ ಒಂದೇ, ವಾದ. ತಯಾರಿ ಮಾಡಿಕೊಂಡು ಮಂಡಿಗೆ ಹೋದೆ.

ನಮ್ಮ ಮನೆಗಳಲ್ಲಿ ಸಾವಾದರೆ ಸೂತಕ. ಆ ವರ್ಷ ಹಬ್ಬವಿಲ್ಲ, ಗೊಂಬೆಯಿಲ್ಲ. ಶಿವಣ್ಣ ಲಿಂಗ ಕಟ್ಟಿದವನು. ಅವರ ಧರ್ಮದಲ್ಲಿ ಸೂತಕವೆಂಬುದನ್ನೇ ತೆಗೆದುಹಾಕಿದ್ದಾರೆ. ನಾನೇನೂ ನಂಬುವವನಲ್ಲ, ಆದರೆ ಎದುರಾಳಿಯ ಗ್ರಂಥದಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದು ಚರ್ಚಾಕೂಟದ ಮೊದಲ ಪಾಠ. "ನಿಮ್ಮಲ್ಲಿ ಸೂತಕವೇ ಇಲ್ಲವಲ್ಲ ಶಿವಣ್ಣ, ಮತ್ತೆ ಹಬ್ಬ ಬಿಡೋದಕ್ಕೆ ಕಾರಣವೇ ಇಲ್ಲ. ಗೊಂಬೆ ಕೂರಿಸು, ರೈಲು ಇಳಿಸು" ಎಂದೆ. ಉತ್ತರವಿಲ್ಲದ ವಾದವೆಂದು ನನಗೆ ಖಾತ್ರಿಯಿತ್ತು.

ಶಿವಣ್ಣ ಚೀಲದಿಂದ ಒಂದು ಹಿಡಿ ರಾಗಿ ತೆಗೆದು ಬೆರಳ ಸಂದಿಯಿಂದ ಸೋರಿಸುತ್ತ ಕುಳಿತಿದ್ದ.

"ಸೂತಕ ಇಲ್ಲ ಕಣಯ್ಯ, ನಿಜ. ನೀವಾದ್ರೆ ಒಂದಿನ ತಲೆಮೇಲೆ ನೀರುಯ್ಕಂಡು, ಇವತ್ತಿಗೆ ಮುಗೀತು ಅಂತ ಎದ್ದೇಳ್ತೀರಿ. ನಮ್ಗೆ ಸುರುವೇ ಆಗ್ದಿದ್ದದ್ದು ಮುಗಿಯಾದೆಂಗೆ?"

ಆದಿಯಿಲ್ಲದ್ದಕ್ಕೆ ಅಂತ್ಯವಿಲ್ಲ ಎಂಬುದನ್ನು ಪರಬ್ರಹ್ಮದ ವಿಷಯದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ಹೆಂಡತಿ ಸತ್ತ ಗಂಡಸಿನ ವಿಷಯದಲ್ಲಿ ಅದನ್ನು ಯಾರೂ ಪಾಠ ಮಾಡಿರಲಿಲ್ಲ. ಎದ್ದು ಬಂದೆ. ಬಳಿಕ ಬೆಂಚಿನ ಮೇಲೆ ಕರೀಂ ಸಾಬರು "ಕೇಸೇನಾಯ್ತು?" ಎಂದರು. "ವಜಾ" ಎಂದೆ. ಅವರು ನಗಲಿಲ್ಲ.

ಹಬ್ಬ ಹತ್ತಿರವಾದಾಗ ಪಿರಿಯಾಪಟ್ಟಣದಿಂದ ಗೌರಮ್ಮನ ತಂಗಿ ನಾಗಮ್ಮ ಬಂದರು. ಮಗಳ ಪಟ್ಟದ ಗೊಂಬೆ ಪೆಟ್ಟಿಗೆಯಲ್ಲಿ ಮಲಗಿರಬಾರದು, ತವರಿನಲ್ಲೇ ಕೂರಿಸುತ್ತೇನೆ ಎಂದು ಅವರ ತಾಯಿ ಹೇಳಿ ಕಳಿಸಿದ್ದರು. ಕರೀಂ ಸಾಬರೂ ನಾನೂ ಆಗ ಶಿವಣ್ಣನ ಮನೆಯಲ್ಲೇ ಇದ್ದೆವು. ಶಿವಣ್ಣ ಪೆಟ್ಟಿಗೆ ತಂದಿಟ್ಟ. ಗೌರಮ್ಮನ ಕೈ ಮುಟ್ಟಿದ ಕೊನೆಯ ವಸ್ತು ಹೋಗುತ್ತಿದೆ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾಗಮ್ಮ ಅಷ್ಟಕ್ಕೆ ಏಳಲಿಲ್ಲ.

"ಬಾವ, ಆ ರೈಲೂ ಕೊಡಿ."

ಶಿವಣ್ಣ ತಲೆಯೆತ್ತಿದ. "ರೈಲಾ? ಅದ್ಯಾಕವ್ವ ನಿಂಗೆ? ನಿಮ್ಮಕ್ಕಂಗೇ ಅದು ಬೇಕಿರ್ನಿಲ್ಲ."

"ಯಾರೇಳಿದ್ರು? ಬಂದಾಗ್ಲೆಲ್ಲ ಅಕ್ಕಂಗೆ ಅದೇ ಮಾತು. ನಮ್ಮನೆ ಒಳ್ಗೇ ರೈಲು ಓಡ್ತದೆ, ಪೈರಿನ್ ಮದ್ಯ ಓಡ್ತದೆ, ಇವ್ರೇ ಮಾಡವ್ರೆ ಅಂತ. ಅವ್ವ ನಂಬ್ನೇ ಇಲ್ಲ. ಸುಳ್ಳಿ ಕಣೇ ನೀನು ಅಂತಿತ್ತು. ಅವ್ವ ಕಣ್ಣಲ್ಲಿ ರೈಲೇ ಕಂಡಿಲ್ಲ, ಬಾವ."

ಇಂಜಿನ್ನಿನಲ್ಲಿ ಮೂರರಲ್ಲೊಂದು ಪಾಲು ನನ್ನದು, ಅದನ್ನು ದಾನ ಮಾಡಲು ಶಿವಣ್ಣನೊಬ್ಬನಿಗೇ ಅಧಿಕಾರವಿಲ್ಲ ಎಂಬ ವಾದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಣ್ಣಾರೆ ಕಾಣದೆ ನಂಬುವುದಿಲ್ಲ ಎಂದು ಹಟ ಹಿಡಿದ ಮುದುಕಿಯ ವಿರುದ್ಧ ನಾನು ಯಾವ ಬಾಯಿಂದ ಮಾತಾಡಲಿ? ಆಕೆ ನನ್ನ ಪಕ್ಷದವಳು. ಮೇಲಾಗಿ, ಸತ್ತ ಮಗಳ ಮೇಲೆ ಸುಳ್ಳಿ ಎಂಬ ಮಾತು ನಿಂತಿತ್ತು.

ಶಿವಣ್ಣ ತಾನೇ ಅಟ್ಟ ಹತ್ತಿದ. ಇಂಜಿನ್ನನ್ನು ಪಂಚೆಯ ಚುಂಗಿನಿಂದ ಒರೆಸಿದ. ಕೀಲಿ ಕೊಡುವುದು ಹೇಗೆ, ಎಲ್ಲಿ ನಿಲ್ಲುತ್ತದೆ, ನಿಂತರೆ ಎಲ್ಲಿ ತಟ್ಟಬೇಕು ಎಲ್ಲವನ್ನೂ ನಾದಿನಿಗೆ ಹೇಳಿಕೊಟ್ಟ. ಆಷಾಢದಿಂದೀಚೆಗೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕರೀಂ ಸಾಬರು ಅಂಗಡಿಗೆ ಓಡಿ, ಹೊಸ ಕೊಡೆಕಡ್ಡಿಗಳ ಒಂದು ಕಟ್ಟು ತಂದು ಪೆಟ್ಟಿಗೆಗೆ ಹಾಸಿದ್ದ ಹುಲ್ಲಿನಲ್ಲಿ ಸೇರಿಸಿದರು. "ಅಲ್ಲೂ ಹಳಿ ಮುರೀತದೆ ತಾಯಿ, ಇಟ್ಕೊಳಿ."

ಯುದ್ಧದ ಕಾಲ; ಪೆಟ್ರೋಲಿಲ್ಲದೆ ಬಸ್ಸು ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ನಿಂತಿತ್ತು. ಕಂಡಕ್ಟರು ಮೇಲೆ ಕಟ್ಟುತ್ತಿದ್ದ ಪೆಟ್ಟಿಗೆ ನೋಡಿ ಏನಿದು ಎಂದ.

"ರೈಲು ಕಣಪ್ಪ. ಉಸಾರಾಗಿ ಕಟ್ಟು" ಎಂದ ಶಿವಣ್ಣ.

"ಎಲ್ಲಾರೂ ರೈಲತ್ತಿ ಓದ್ರೆ, ನೀವೇನ್ರೀ ರೈಲ್ನೇ ಬಸ್ಸತ್ತುಸ್ತೀರಿ!"

ಶಿವಣ್ಣ ನಕ್ಕುಬಿಟ್ಟ. ನಗು ಅರ್ಧದಲ್ಲಿ ಬೇರೇನೋ ಆಯಿತು. ಅವನು ಬಸ್ಸಿನ ಏಣಿ ಹಿಡಿದುಕೊಂಡು ಆ ಕಡೆ ತಿರುಗಿ ನಿಂತ. ನಾವು ಇದ್ದಿಲ ಒಲೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದೆವು. ಬಸ್ಸು ಹುಣಸೂರಿನ ದಾರಿ ಹಿಡಿದು ಧೂಳಿನಲ್ಲಿ ಮರೆಯಾಯಿತು.

ಪಿರಿಯಾಪಟ್ಟಣಕ್ಕೆ ಮುಂದೆ ಎಂದಾದರೂ ರೈಲು ಬಂದೀತು, ಬಾರದೆಯೂ ಇದ್ದೀತು. ಬಂದ ದಿನ, ಈ ಊರಿಗೆ ಇದೇ ಮೊದಲ ರೈಲು ಎಂದು ಮಾವಿನ ತೋರಣ ಕಟ್ಟಿ ಭಾಷಣ ಮಾಡುವವರು ಯಾರಾದರೂ ಇದ್ದರೆ, ಅವರೊಡನೆ ನನಗೊಂದು ವಾದವಿದೆ.